ಹಳೆಯ ಪಿಕಪ್‌ನ ಬ್ರೇಕ್ ಕೈಕೊಡುವ ಮುನ್ನ ಪೆಡಲ್ ಏನು ಹೇಳುತ್ತದೆ?

"ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತದೆ." ಹಳೆಯ ಪಿಕಪ್ ಇರುವ ಕಡೆಯೆಲ್ಲ ಕೇಳಿಬರುವ ಮಾತು ಇದು. ಗಾಡಿಯನ್ನು ಇನ್ನೊಬ್ಬ ಚಾಲಕನಿಗೆ ಒಪ್ಪಿಸುವಾಗ, ಮಾರುವಾಗ, ಬಾಡಿಗೆಗೆ ಕೊಡುವಾಗ ಇದನ್ನು ಗಾಡಿಯ ಸ್ವಭಾವ ಎಂಬಂತೆ ಹೇಳಿ ಮುಗಿಸುತ್ತಾರೆ. ಬ್ರೇಕಿನ ವಿಷಯದಲ್ಲಿ ಇದಕ್ಕಿಂತ ಅಪಾಯಕಾರಿ ಮಾತು ನನಗೆ ಗೊತ್ತಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತಿರುತ್ತದೆ. ಮೊದಲ ಸಲ ತುಳಿದದ್ದು ವ್ಯರ್ಥವಾಗಿ ಎರಡನೆಯದು ಹಿಡಿಯುವುದರೊಳಗೆ ಒಂದೇ ಸೆಕೆಂಡು ಕಳೆದರೂ ಮೂರು ಪಿಕಪ್‌ಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಹೋಗಿರುತ್ತದೆ.

ಆದರೆ ಅದೇ ಮಾತಿನಲ್ಲಿ ಒಳ್ಳೆಯ ಸುಳಿವೂ ಇದೆ. ಪಂಪ್ ಮಾಡಿದಾಗ ಬ್ರೇಕ್ ಬರುತ್ತದೆ ಎಂದರೆ ದೋಷ ಎಲ್ಲೆಲ್ಲಿ ಇರಬಹುದು, ಎಲ್ಲಿ ಇರಲಾರದು ಎಂಬುದು ಅರ್ಧ ತೀರ್ಮಾನವಾದಂತೆಯೇ. ಪೆಡಲ್ ಕೆಳಗಿಳಿಯುತ್ತದೆಯೋ, ಮೆತ್ತಗಿದೆಯೋ, ಕಲ್ಲಿನಂತೆ ಗಟ್ಟಿಯಾಗಿದೆಯೋ, ನಡುಗುತ್ತದೆಯೋ ಎಂಬ ಒಂದೊಂದು ಲಕ್ಷಣವೂ ಒಂದೊಂದು ಭಾಗದ ಕಡೆಗೆ ಬೆರಳು ತೋರಿಸುತ್ತದೆ. ಇದನ್ನು ಗಮನಿಸದೆ ಮೊದಲು ಲೈನರ್ ಬದಲಿಸಿ, ಆಗದಿದ್ದರೆ ಮಾಸ್ಟರ್ ಸಿಲಿಂಡರ್ ಬದಲಿಸಿ, ಅದೂ ಆಗದಿದ್ದರೆ ಬೂಸ್ಟರ್ ಬದಲಿಸುವುದು ಹಣ ಸುರಿಯುವ ದಾರಿ. ಅಷ್ಟೆಲ್ಲ ಸುರಿದ ಮೇಲೂ ಮೂಲ ದೋಷ ಗಾಡಿಯಲ್ಲೇ ಉಳಿದಿರಬಹುದು.

ಇಲ್ಲಿ ನನ್ನ ಮನಸ್ಸಿನಲ್ಲಿರುವುದು ನಮ್ಮ ರಸ್ತೆಗಳಲ್ಲಿ ತರಕಾರಿ, ಹಾಲಿನ ಕ್ಯಾನು, ಸಿಮೆಂಟು, ಅಡಿಕೆ ಮೂಟೆ ಹೊತ್ತು ಹತ್ತು ಹದಿನೈದು ವರ್ಷ ದುಡಿದ ಬೊಲೆರೊ ಪಿಕಪ್, ಟಾಟಾ 207ರಂಥ ಡೀಸೆಲ್ ಗಾಡಿಗಳು. ಇವುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಇರುತ್ತದೆ. ನೀವು ಪೆಡಲ್ ತುಳಿದಾಗ ಬೂಸ್ಟರ್ ಆ ಬಲವನ್ನು ಹೆಚ್ಚಿಸುತ್ತದೆ, ಮಾಸ್ಟರ್ ಸಿಲಿಂಡರ್ ಅದನ್ನು ಬ್ರೇಕ್ ಆಯಿಲ್‌ನ ಒತ್ತಡವಾಗಿ ಬದಲಿಸುತ್ತದೆ, ಪೈಪುಗಳ ಮೂಲಕ ಆ ಒತ್ತಡ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಅಲ್ಲಿ ಅದು ಮುಂದೆ ಕ್ಯಾಲಿಪರ್ ಮೂಲಕ ಪ್ಯಾಡ್‌ಗಳನ್ನು ಡಿಸ್ಕಿಗೆ, ಹಿಂದೆ ವೀಲ್ ಸಿಲಿಂಡರ್ ಮೂಲಕ ಲೈನರ್ ಹಚ್ಚಿದ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಬಿದ್ದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಬ್ಲೇಸ್ ಪ್ಯಾಸ್ಕಲ್ ತೋರಿಸಿದ ತತ್ವವೇ ಇದರ ಆಧಾರ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಬ್ರೇಕಿನ ಅರ್ಧ ತೊಂದರೆಗಳು ಈ ಒಂದು ವಾಕ್ಯದಿಂದ ಅರ್ಥವಾಗುತ್ತವೆ.

ಉಳಿದರ್ಧಕ್ಕೆ ಕಾರಣ ಬಿಸಿ. ಬ್ರೇಕ್ ಗಾಡಿಯ ಚಲನೆಯನ್ನು ಶಾಖವಾಗಿ ಬದಲಿಸುವ ಸಾಧನ, ಅಷ್ಟೇ. ಸರಕು ಸೇರಿ ಮೂರು ಟನ್ ತೂಗುವ ಪಿಕಪ್ ಒಂದು ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿಯಿತು ಎನ್ನೋಣ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು ನಾಲ್ಕು ಯೂನಿಟ್ ವಿದ್ಯುತ್ತಿಗೆ ಸಮ. ಹೆಚ್ಚು ಕಡಿಮೆ 45 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಎಂಜಿನ್ ಅದರಲ್ಲಿ ದೊಡ್ಡ ಪಾಲನ್ನು ಹೊತ್ತುಕೊಳ್ಳದಿದ್ದರೆ ಅಷ್ಟೂ ಶಾಖ ನಾಲ್ಕು ಚಕ್ರಗಳ ಒಳಗಿನ ಲೋಹದ ಮೇಲೆಯೇ ಬೀಳುತ್ತದೆ. ಬಯಲಿನಲ್ಲಿ ಚೆನ್ನಾಗಿಯೇ ಇದ್ದ ಗಾಡಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ದಿಢೀರನೆ ಬ್ರೇಕ್ ಕಳೆದುಕೊಳ್ಳುವುದು ಇದರಿಂದಲೇ.

ಪೆಡಲ್ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಚಾಲೂ ಮಾಡಿ. ಪೆಡಲ್ ಮೇಲೆ ಒಂದೇ ಸಮನಾದ ಒತ್ತಡ ಹಾಕಿ ಅರ್ಧ ನಿಮಿಷ ಹಾಗೆಯೇ ಹಿಡಿಯಿರಿ. ಪೆಡಲ್ ನಿಂತಲ್ಲೇ ನಿಲ್ಲಬೇಕು. ನಿಧಾನವಾಗಿ ತಳದ ಕಡೆಗೆ ಇಳಿಯುತ್ತ ಹೋದರೆ ಎಲ್ಲೋ ಒತ್ತಡ ಸೋರುತ್ತಿದೆ ಎಂದು ಅರ್ಥ. ಆಗ ಮಾಸ್ಟರ್ ಸಿಲಿಂಡರ್‌ಗೆ ಆಯಿಲ್ ಒದಗಿಸುವ ಡಬ್ಬಿಯನ್ನು ನೋಡಬೇಕು. ಮಟ್ಟ ಕಡಿಮೆಯಾಗುತ್ತಿದ್ದರೆ ಸೋರಿಕೆ ಹೊರಗಡೆ ಇದೆ. ಮಟ್ಟ ಇದ್ದಷ್ಟೇ ಇದ್ದೂ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ವಾಷರ್‌ಗಳು ಸವೆದಿವೆ. ಆಯಿಲ್ ಅವುಗಳನ್ನು ದಾಟಿ ಹಿಂದಕ್ಕೆ ಬರುತ್ತಿದೆ. ಜೋರಾಗಿ ತುಳಿದರೆ ಈ ದೋಷ ಕಾಣದೆಯೂ ಹೋಗಬಹುದು, ಏಕೆಂದರೆ ಹೆಚ್ಚಿನ ಒತ್ತಡದಲ್ಲಿ ವಾಷರ್ ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಸಿಗ್ನಲ್‌ನಲ್ಲಿ ಹಗುರವಾಗಿ ಕಾಲಿಟ್ಟು ನಿಂತಾಗ ಪೆಡಲ್ ಜಾರುವ ಗಾಡಿಗಳ ಕಥೆ ಇದೇ. ಆದ್ದರಿಂದ ಹಗುರವಾಗಿ ಒಮ್ಮೆ, ಜೋರಾಗಿ ಒಮ್ಮೆ, ಎರಡು ರೀತಿಯಲ್ಲೂ ಪರೀಕ್ಷಿಸಿ.

ಹೊರಗಿನ ಸೋರಿಕೆ ಎಂದಾಗ ಎಲ್ಲರೂ ಚಕ್ರಗಳ ಒಳಬದಿಯನ್ನು ನೋಡುತ್ತಾರೆ, ಅದು ಸರಿಯೇ. ಪೈಪ್ ಜೋಡಣೆಗಳು, ಹಿಂದಿನ ಆಕ್ಸಲ್‌ನ ಕವಚದ (ಹೌಸಿಂಗ್) ಮೇಲೆ ಹಾದುಹೋಗುವ ಕಬ್ಬಿಣದ ಪೈಪು, ಅದಕ್ಕೆ ಅಂಟಿದ ಕೆಸರಿನ ಕೆಳಗಿನ ತುಕ್ಕು, ಇವನ್ನೂ ನೋಡಬೇಕು. ಆದರೆ ಗ್ಯಾರೇಜುಗಳಲ್ಲಿಯೂ ತಪ್ಪಿಹೋಗುವ ಜಾಗ ಇನ್ನೊಂದಿದೆ. ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್ ಹೋದರೆ ಆಯಿಲ್ ನೇರವಾಗಿ ಬೂಸ್ಟರ್ ಒಳಗೆ ಸೇರುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿ ಮಾತ್ರ ಖಾಲಿಯಾಗುತ್ತ ಬರುತ್ತದೆ. ಮಾಸ್ಟರ್ ಮತ್ತು ಬೂಸ್ಟರ್ ಸೇರುವ ಜಾಗದ ಕೆಳಗೆ ಬೆರಳಾಡಿಸಿ ನೋಡಿ. ತೇವವಿದ್ದರೆ, ಬಣ್ಣ ಎದ್ದು ಹೋಗಿದ್ದರೆ ಕಾರಣ ಸಿಕ್ಕಿತು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಹಾಗಾಗಿ ಒಣಗಿದ ಮೇಲೂ ಗುರುತು ಉಳಿಯುತ್ತದೆ.

ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಪ್ಯಾಡ್ ಸವೆದಂತೆ ತಿಂಗಳುಗಟ್ಟಲೆ ಕಾಲದಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ವಾರಕ್ಕೊಮ್ಮೆ ಸುರಿಯಬೇಕಾಗಿ ಬಂದರೆ ಅದು ಸೋರಿಕೆ, ಬೇರೇನೂ ಅಲ್ಲ. ಸೀಟಿನ ಹಿಂದೆ ಆಯಿಲ್ ಡಬ್ಬಿ ಇಟ್ಟುಕೊಂಡು ತಿರುಗುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ.

ಇನ್ನು ಪಂಪ್ ಮಾಡಿದರೆ ಬರುವ ಬ್ರೇಕ್. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯಬಾರದು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಪಂಪ್ ಮಾಡಿದಾಗ ಮೇಲೆ ಬಂದರೂ ಮೆತ್ತನೆಯ ಗುಣ ಉಳಿದರೆ ಪೈಪಿನೊಳಗೆ ಗಾಳಿ ಇದೆ, ಇಲ್ಲವೇ ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಹೋಸನ್ನು ಕೈಯಲ್ಲಿ ಹಿಡಿದರೆ ಉಬ್ಬುವುದು ತಿಳಿಯುತ್ತದೆ. ಪೆಡಲ್ ಮೊದಲ ಸಲ ತುಂಬ ಕೆಳಗೆ ಹೋಗಿ, ಎರಡನೆಯ ಸಲ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಕಾರಣ ಬೇರೆ: ಹಿಂದಿನ ಡ್ರಮ್‌ಗೂ ಲೈನರ್‌ಗೂ ನಡುವೆ ಅಂತರ ಹೆಚ್ಚಾಗಿದೆ. ಮೊದಲ ತುಳಿತದ ಆಯಿಲೆಲ್ಲ ಆ ಅಂತರ ತುಂಬುವುದಕ್ಕೇ ಹೋಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. ಹ್ಯಾಂಡ್ ಬ್ರೇಕನ್ನು ಎಳೆದು ಹಿಡಿದು ಪೆಡಲ್ ತುಳಿಯಿರಿ. ಹ್ಯಾಂಡ್ ಬ್ರೇಕ್ ಕೇಬಲ್ ಹಿಂದಿನ ಶೂಗಳನ್ನು ಡ್ರಮ್‌ನ ಹತ್ತಿರ ತಂದಿಡುವುದರಿಂದ ಈಗ ಪೆಡಲ್ ಮೊದಲ ಸಲಕ್ಕೇ ಮೇಲೆ ನಿಂತರೆ ತೊಂದರೆ ಹಿಂದಿನ ಅಂತರದಲ್ಲಿಯೇ ಇದೆ. ಈ ಅಂತರವನ್ನು ಹೊಂದಿಸುವ, ಡ್ರಮ್ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ಕುಳಿತಿರುತ್ತದೆ. ಬಿಚ್ಚಿ, ತೊಳೆದು, ಸರಿಯಾದ ಗ್ರೀಸ್ ತೆಳ್ಳಗೆ ಸವರಿ, ಮತ್ತೆ ಹೊಂದಿಸಿದರೆ ಆಯಿತು. ಮಾಸ್ಟರ್ ಸಿಲಿಂಡರ್ ಕೊಳ್ಳುವ ಅಗತ್ಯವೇ ಇರುವುದಿಲ್ಲ. ಡ್ರಮ್ ಸವೆದು ಒಳಗೆ ಗೆರೆ ಬಿದ್ದಿದ್ದರೆ ಮಾತ್ರ ಲೇತ್‌ಗೆ ಕೊಡಬೇಕಾಗುತ್ತದೆ. ಡ್ರಮ್ ಮೇಲೆ ಅಚ್ಚಾದ ಗರಿಷ್ಠ ಅಳತೆಯನ್ನು ದಾಟಿದರೆ ಅದನ್ನು ಗುಜರಿಗೆ ಹಾಕುವುದೇ ಸರಿ.

ಪೆಡಲ್ ದಿಢೀರನೆ ಅರ್ಧಕ್ಕಿಂತ ಕೆಳಗಿಳಿದು ಅಲ್ಲಿ ಗಟ್ಟಿಯಾಗಿ ನಿಂತರೆ, ಬ್ರೇಕಿನ ಬಲವೂ ಅರ್ಧವಾದಂತೆ ಕಂಡರೆ, ಒಂದು ಸರ್ಕ್ಯೂಟ್, ಅಂದರೆ ಆಯಿಲ್ ಒತ್ತಡ ಸಾಗುವ ಎರಡು ದಾರಿಗಳಲ್ಲಿ ಒಂದು, ಹೋಗಿದೆ. ಮಾಸ್ಟರ್ ಸಿಲಿಂಡರ್ ಒಳಗೆ ಎರಡು ಪಿಸ್ಟನ್‌ಗಳಿದ್ದು, ಒಂದು ಕಡೆಯ ಪೈಪು ಒಡೆದರೂ ಇನ್ನೊಂದು ಕಡೆ ಉಳಿಯಲಿ ಎಂದೇ ಹಾಗೆ ಮಾಡಿರುತ್ತಾರೆ. ಉಳಿದ ಆ ಅರ್ಧ ಬ್ರೇಕು ಗಾಡಿಯನ್ನು ಬದಿಗೆ ತಂದು ನಿಲ್ಲಿಸಲು ಮಾತ್ರ. ಬಾಡಿಗೆ ಮುಗಿಸಿಕೊಂಡು ಬರಲು ಅದನ್ನು ನೆಚ್ಚಬೇಡಿ.

ಕಲ್ಲಿನಂತಹ ಪೆಡಲ್, ಮತ್ತು ನ್ಯೂಟ್ರಲ್ ಇಳಿತ

ಪೆಡಲ್ ಗಟ್ಟಿಯಾಗಿದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ ಎಂದರೆ ಆಯಿಲ್ ಕಡೆ ನೋಡುವ ಮೊದಲು ಬೂಸ್ಟರ್ ಕಡೆ ನೋಡಿ. ಬೂಸ್ಟರ್ ಕೆಲಸ ಮಾಡುವುದು ನಿರ್ವಾತದಿಂದ (ವ್ಯಾಕ್ಯೂಮ್). ಪೆಟ್ರೋಲ್ ಎಂಜಿನ್‌ಗೆ ತನ್ನ ಗಾಳಿಯ ದಾರಿಯಲ್ಲಿಯೇ ನಿರ್ವಾತ ಸಿಗುತ್ತದೆ. ಈ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದಿರುವುದರಿಂದ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಅನೇಕ ಪಿಕಪ್‌ಗಳಲ್ಲಿ ಅದು ಆಲ್ಟರ್ನೇಟರ್‌ನ ಬೆನ್ನಿಗೆ ಕುಳಿತಿರುತ್ತದೆ ಮತ್ತು ಅದಕ್ಕೆ ಜಾರುಗುಣ ಕೊಡುವುದು ಎಂಜಿನ್ ಆಯಿಲ್. ಆದ್ದರಿಂದ ಬೆಲ್ಟ್ ಸಡಿಲವಾದರೆ, ಪಂಪಿಗೆ ಹೋಗುವ ಆಯಿಲ್ ಪೈಪ್ ಕಟ್ಟಿಕೊಂಡರೆ, ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟರೆ ತೊಂದರೆ ಕಾಣಿಸಿಕೊಳ್ಳುವುದು ಬ್ರೇಕಿನಲ್ಲಿ.

ಪರೀಕ್ಷೆ ಹೀಗೆ: ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿಯಿರಿ, ಒಳಗೆ ಉಳಿದ ನಿರ್ವಾತ ಮುಗಿಯುತ್ತದೆ. ಪೆಡಲನ್ನು ತುಳಿದು ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಕ್ಕೆ ಹೋಗಬೇಕು. ಹೋದರೆ ಬೂಸ್ಟರ್ ಜೀವಂತವಾಗಿದೆ. ಕದಲದಿದ್ದರೆ ಬೂಸ್ಟರ್‌ಗೆ ಸೇರುವ ಹೋಸನ್ನು ಬಿಚ್ಚಿ, ಎಂಜಿನ್ ಚಾಲೂ ಇರುವಾಗ ತುದಿಗೆ ಹೆಬ್ಬೆರಳು ಒತ್ತಿ ನೋಡಿ. ಬಲವಾಗಿ ಎಳೆದರೆ ಪಂಪ್ ಸರಿಯಿದೆ, ಬೂಸ್ಟರ್ ಕೆಟ್ಟಿದೆ. ಎಳೆಯದಿದ್ದರೆ ತೊಂದರೆ ಪಂಪಿನಲ್ಲೋ ಹೋಸಿನಲ್ಲೋ ಇದೆ. ಹೋಸಿನ ನಡುವೆ ಇರುವ ಏಕಮುಖ ವಾಲ್ವನ್ನೂ ಮರೆಯಬೇಡಿ. ಅದು ಹೋಗಿದ್ದರೆ ಎಂಜಿನ್ ಆಫ್ ಆದೊಡನೆ ಬೂಸ್ಟರ್‌ನ ಶಕ್ತಿ ಇಲ್ಲವಾಗುತ್ತದೆ.

ಇದು ಗೊತ್ತಿದ್ದವರು ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಲಾರರು. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪ್ ನಿಂತಿತು. ಬೂಸ್ಟರ್‌ನಲ್ಲಿ ಉಳಿದಿರುವುದು ಎರಡು ಮೂರು ಸಲ ತುಳಿಯುವಷ್ಟು ನಿರ್ವಾತ ಮಾತ್ರ. ಆಮೇಲೆ ಅದೇ ಕಾಲು, ಅದೇ ಪೆಡಲ್, ಆದರೆ ಬಲ ಮಾತ್ರ ಕೆಲವು ಪಟ್ಟು ಹೆಚ್ಚು ಬೇಕು. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನಿನ ತಡೆಯೂ ಹೋಯಿತು, ಆ ಶಾಖವೆಲ್ಲ ಬ್ರೇಕಿನ ಪಾಲಾಯಿತು. ಯಾವ ಗೇರಿನಲ್ಲಿ ಏರುತ್ತೀರೋ ಆ ಗೇರಿನಲ್ಲಿಯೇ ಇಳಿಯಿರಿ ಎಂದು ಹಿರಿಯ ಚಾಲಕರು ಹೇಳುವುದು ಅಕ್ಷರಶಃ ಸರಿ. ಮೇಲಾಗಿ, ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನನ್ನು ತಿರುಗಿಸುವುದು ಚಕ್ರಗಳೇ ಆದ್ದರಿಂದ ಡೀಸೆಲ್ ಖರ್ಚು ತೀರ ಕಡಿಮೆ.

ಘಾಟಿಯ ನಡುವೆ ಬ್ರೇಕ್ ಹೋಗುವುದರಲ್ಲಿಯೂ ಎರಡು ಬಗೆಯಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಸುಟ್ಟ ವಾಸನೆ ಬರುತ್ತ ಗಾಡಿ ನಿಲ್ಲದಿದ್ದರೆ ಲೈನಿಂಗ್, ಅಂದರೆ ಪ್ಯಾಡ್ ಮತ್ತು ಲೈನರ್‌ಗಳ ಉಜ್ಜುವ ಪದರ, ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಸೀದಾ ತಳಕ್ಕೆ ಹೋದರೆ ಆಯಿಲ್ ಕುದಿದು ಆವಿಯಾಗಿದೆ. ಆವಿ ಗಾಳಿಯಂತೆಯೇ ಕುಗ್ಗುತ್ತದೆ. ಎರಡರಲ್ಲೂ ಅರ್ಧ ಗಂಟೆ ತಣಿಸಿದರೆ ಬ್ರೇಕ್ ಮರಳಿ ಬರುತ್ತದೆ. ಹಾಗೆ ಬಂದದ್ದೇ ಮೋಸ. ಮೊದಲನೆಯದರಲ್ಲಿ ಲೈನಿಂಗ್ ಗಾಜಿನಂತೆ ನಯವಾಗಿರುತ್ತದೆ, ಎರಡನೆಯದರಲ್ಲಿ ಆಯಿಲ್ ಹಳತಾಗಿರುತ್ತದೆ. ಎರಡೂ ಮುಂದಿನ ಇಳಿಜಾರಿಗೆ ಹಾಗೆಯೇ ಕಾದಿರುತ್ತವೆ. ಕಾದ ಚಕ್ರದ ಮೇಲೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ, ಡ್ರಮ್ ಬಿರುಕು ಬಿಡಬಹುದು.

ಒಂದು ಬದಿಗೆ ಎಳೆಯುವ ಗಾಡಿ

ಬ್ರೇಕ್ ಹಾಕಿದಾಗ ಸ್ಟೀರಿಂಗ್ ಎಡಕ್ಕೋ ಬಲಕ್ಕೋ ಎಳೆದರೆ ಮೊದಲು ಟೈರಿನ ಗಾಳಿ ನೋಡಿ. ಅದು ಸರಿಯಿದ್ದರೆ, ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ಬಿಸಿಯನ್ನು ಹೋಲಿಸಿ, ಲೋಹ ಮುಟ್ಟಬೇಡಿ. ಉಳಿದವುಗಳಿಗಿಂತ ಹೆಚ್ಚು ಕಾದ ಚಕ್ರದಲ್ಲಿ ಬ್ರೇಕ್ ಬಿಡುತ್ತಿಲ್ಲ. ಉಳಿದವುಗಳಿಗಿಂತ ತಣ್ಣಗಿರುವ ಚಕ್ರದಲ್ಲಿ ಬ್ರೇಕ್ ಹಿಡಿಯುತ್ತಿಲ್ಲ. ಗಾಡಿ ಎಳೆಯುವುದು ಹಿಡಿಯುವ ಕಡೆಗೆ.

ಬಿಡದ ಚಕ್ರವನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟ ಮೇಲೆ ಕೈಯಿಂದ ತಿರುಗಿಸಿ. ತಿರುಗದಿದ್ದರೆ ಆ ಚಕ್ರದ ಬ್ಲೀಡರ್ ನಿಪ್ಪಲ್ (ಪೈಪಿನ ಗಾಳಿ ತೆಗೆಯುವ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕ್ಯಾಲಿಪರ್ ಸರಿಯಿದೆ, ಒತ್ತಡ ಹಿಂದಕ್ಕೆ ಹೋಗಲಾರದೆ ಸಿಕ್ಕಿಕೊಂಡಿದೆ. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಿತ್ತು ಬಂದು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಬರುವುದಿಲ್ಲ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಅದರ ಗೈಡ್ ಪಿನ್‌ಗಳು ಒಣಗಿ ಕಚ್ಚಿಕೊಂಡಿವೆ. ಈ ಒಂದು ಪರೀಕ್ಷೆ ಮಾಡದೆ ಕ್ಯಾಲಿಪರ್‌ಗೆ ಹಣ ಸುರಿದು, ಸಣ್ಣ ಹೋಸನ್ನು ಹಾಗೆಯೇ ಬಿಟ್ಟ ಗಾಡಿಗಳು ಎಷ್ಟೋ. ನಾಲ್ಕೂ ಚಕ್ರಗಳು ಒಟ್ಟಿಗೆ ಬಿಗಿಯಾಗಿ, ಮಾಸ್ಟರ್ ಹತ್ತಿರದ ಪೈಪ್ ಸಡಿಲಿಸಿದರೆ ಬಿಡುತ್ತವೆ ಎಂದಾದರೆ ಮಾಸ್ಟರ್‌ನ ಪಿಸ್ಟನ್ನನ್ನು ತಳ್ಳುವ ಪುಶ್ ರಾಡ್ ನೋಡಿ. ಅದಕ್ಕೆ ಸ್ವಲ್ಪವೂ ಆಟವಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆಗ ಆಯಿಲ್ ಬಿಸಿಯಾಗಿ ಹಿಗ್ಗಿದಂತೆ ಬ್ರೇಕ್ ತಾನಾಗಿಯೇ ಹಿಡಿಯುತ್ತ ಹೋಗುತ್ತದೆ.

ಹಿಡಿಯದ ಹಿಂದಿನ ಚಕ್ರದ ಡ್ರಮ್ ಬಿಚ್ಚಿದಾಗ ಲೈನರ್ ತೊಯ್ದಿದ್ದರೆ ಅದು ಯಾವ ಆಯಿಲ್ ಎಂದು ನೋಡಿ. ತೆಳುವಾಗಿದ್ದು ನೀರಿನಲ್ಲಿ ತೊಳೆದುಹೋದರೆ ಬ್ರೇಕ್ ಆಯಿಲ್, ಅಂದರೆ ವೀಲ್ ಸಿಲಿಂಡರ್ ಸೋರುತ್ತಿದೆ. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಕ್ರೌನ್ ಆಯಿಲ್ (ಹಿಂದಿನ ಆಕ್ಸಲ್‌ನ ಗೇರ್ ಆಯಿಲ್), ಅಂದರೆ ಆಕ್ಸಲ್ ಸೀಲ್ ಹೋಗಿದೆ. ಸೀಲ್ ಬದಲಿಸಿಯೂ ಮತ್ತೆ ಸೋರಿದರೆ ಹೌಸಿಂಗ್ ಮೇಲಿನ ಗಾಳಿಕಿಂಡಿ ಕೆಸರಿನಿಂದ ಮುಚ್ಚಿದೆಯೇ ನೋಡಿ. ಒಳಗಿನ ಒತ್ತಡವೇ ಆಯಿಲನ್ನು ಹೊರದೂಡುತ್ತಿರಬಹುದು. ತೊಯ್ದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವುದು ಬೇಡ. ಹೊಸದನ್ನು ಎರಡೂ ಬದಿಗೆ ಹಾಕಿ. ಡ್ರಮ್ಮಿನ ದೂಳನ್ನು ಬಾಯಿಂದಾಗಲಿ ಏರ್ ಹೊಡೆದಾಗಲಿ ಊದಬೇಡಿ, ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ನಡುಕ ಬಂದರೆ ಮೂಲ ಹುಡುಕುವುದು ಸುಲಭ. ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್, ಸೀಟು ನಡುಗಿದರೆ ಹಿಂದಿನ ಡ್ರಮ್.

ಸ್ಪ್ರಿಂಗ್ ಪಟ್ಟಿ ಹೆಚ್ಚಿಸಿದಾಗ ಏನಾಗುತ್ತದೆ

ಯಾವುದೇ ಭಾಗ ಕೆಡದೆಯೂ ಬ್ರೇಕ್ ದುರ್ಬಲವಾಗುವ ಒಂದು ಸಂದರ್ಭವಿದೆ, ಅದರ ಬಗ್ಗೆ ಮಾತನಾಡುವವರು ಕಡಿಮೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಸರಕು ತುಂಬಿದಾಗ ಭಾರ. ಖಾಲಿ ಇದ್ದಾಗ ಹಿಂದಿನ ಚಕ್ರಗಳಿಗೆ ಪೂರ್ತಿ ಒತ್ತಡ ಕೊಟ್ಟರೆ ಅವು ಲಾಕ್ ಆಗಿ ಗಾಡಿ ಜಾರುತ್ತದೆ. ಹಾಗಾಗಿ ಅನೇಕ ಗಾಡಿಗಳಲ್ಲಿ ಛಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ (ಲೋಡ್ ಸೆನ್ಸಿಂಗ್ ಪ್ರಪೋರ್ಷನಿಂಗ್ ವಾಲ್ವ್) ಎನ್ನುತ್ತಾರೆ. ಭಾರಕ್ಕೆ ಬಾಡಿ ಕೆಳಗಿಳಿದಷ್ಟೂ ಕಡ್ಡಿ ತಿರುಗಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ.

ಈಗ ಹೆಚ್ಚು ಸರಕು ಹೇರಲೆಂದು ಲೀಫ್ ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿದಿರಿ ಎನ್ನಿ. ಎರಡು ಟನ್ ಹೇರಿದರೂ ಬಾಡಿ ಇಳಿಯುವುದಿಲ್ಲ. ಗಾಡಿ ಖಾಲಿಯಿದೆ ಎಂದೇ ವಾಲ್ವ್ ಲೆಕ್ಕ ಹಾಕುತ್ತದೆ. ಭಾರ ಹೆಚ್ಚಿತು, ಹಿಂದಿನ ಬ್ರೇಕು ಕಡಿಮೆಯಾಯಿತು, ಮುಂದಿನ ಡಿಸ್ಕುಗಳು ಇಬ್ಬರ ಕೆಲಸ ಮಾಡಿ ಕಾಯತೊಡಗಿದವು. ಮುಂದಿನ ಪ್ಯಾಡ್‌ಗಳು ಪದೇ ಪದೇ ಸವೆಯುತ್ತ, ಹಿಂದಿನ ಲೈನರ್ ಹೊಸದರಂತೆಯೇ ಉಳಿದಿದ್ದರೆ ಮೊದಲು ಈ ಕಡ್ಡಿಯನ್ನು ನೋಡಿ. ಅದು ಮುರಿದಿರಬಹುದು, ತುಕ್ಕಿನಿಂದ ಕುಳಿತಿರಬಹುದು, ಯಾರೋ ತಂತಿ ಕಟ್ಟಿಯೂ ಇಟ್ಟಿರಬಹುದು. ಪಟ್ಟಿ ಸೇರಿಸಿದ ಗಾಡಿಯಲ್ಲಿ ಅದನ್ನು ಅಂದಾಜಿನ ಮೇಲೆ ತಿರುಗಿಸುವುದೂ ತಪ್ಪು. ಖಾಲಿ ಗಾಡಿ ಮಳೆಯಲ್ಲಿ ಹಿಂದಿನಿಂದ ಜಾರತೊಡಗುತ್ತದೆ. ಕಂಪನಿಯ ಪಟ್ಟಿಗಳಿಗೆ, ಕಂಪನಿಯ ಭಾರಕ್ಕೆ ಮರಳುವುದೇ ನನ್ನ ದೃಷ್ಟಿಯಲ್ಲಿ ಇದಕ್ಕಿರುವ ನಿಜವಾದ ರಿಪೇರಿ.

ಆಯಿಲ್, ಬ್ಲೀಡಿಂಗ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ಶೇಕಡ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ಮಲೆನಾಡು, ಕರಾವಳಿಯ ಮಳೆಯಲ್ಲಿ ದುಡಿಯುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸುವುದು ದುಂದುವೆಚ್ಚವಲ್ಲ. ತಿಂಗಳುಗಟ್ಟಲೆ ಮುಚ್ಚಳ ತೆರೆದಿಟ್ಟ ಡಬ್ಬಿಯ ಆಯಿಲ್ ಹಾಕಬೇಡಿ.

ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ರಬ್ಬರೆಲ್ಲ ಉಬ್ಬುತ್ತದೆ. ಅನುಮಾನವಿದ್ದರೆ ಡಬ್ಬಿಯಿಂದ ಸ್ವಲ್ಪ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಖನಿಜ ತೈಲ ತೇಲುತ್ತದೆ. ತೇಲಿದರೆ ರಬ್ಬರ್ ಭಾಗಗಳೆಲ್ಲ ಹೊಸದಾಗಬೇಕು, ಪೈಪುಗಳನ್ನು ತೊಳೆಯಬೇಕು; ಒಂದೆರಡು ವಾಷರ್ ಬದಲಿಸಿ ಪಾರಾಗುವುದು ಸಾಧ್ಯವಿಲ್ಲ.

ಪೈಪಿನ ಏರ್ ತೆಗೆಯುವಾಗ (ಬ್ಲೀಡಿಂಗ್) ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ನಮ್ಮ ಬಲಬದಿಯ ಸ್ಟೀರಿಂಗ್ ಗಾಡಿಗಳಲ್ಲಿ ಅದು ಹಿಂದಿನ ಎಡ ಚಕ್ರ. ಗಾಡಿಯ ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ. ಎಲ್‌ಎಸ್‌ಪಿವಿ ಇದ್ದರೆ ಛಾಸಿಯನ್ನು ಎತ್ತಿ ಹಿಂದಿನ ಆಕ್ಸಲ್ ನೇತಾಡುವಂತೆ ಬಿಡಬೇಡಿ. ವಾಲ್ವ್ ಮುಚ್ಚಿಕೊಂಡು ಗಾಳಿ ಒಳಗೇ ಉಳಿಯುತ್ತದೆ. ಹಳೆಯ ಮಾಸ್ಟರ್ ಸಿಲಿಂಡರ್ ಇರುವ ಗಾಡಿಯಲ್ಲಿ ಪೆಡಲನ್ನು ತಳದವರೆಗೆ ತುಳಿಯುವುದು ಕೂಡ ಒಳ್ಳೆಯದಲ್ಲ. ವರ್ಷಗಳಿಂದ ವಾಷರ್ ಹೋಗದ ಆ ಕೊನೆಯ ಭಾಗದಲ್ಲಿ ತುಕ್ಕು ಕುಳಿತಿರುತ್ತದೆ. ಒಂದೇ ಸಲ ಅದರ ಮೇಲೆ ಉಜ್ಜಿದರೆ ವಾಷರ್ ಸೀಳುತ್ತದೆ. ಏರ್ ತೆಗೆಸಿದ ಮರುದಿನವೇ ಮಾಸ್ಟರ್ ಹೋಯಿತು ಎಂಬ ದೂರಿಗೆ ಅನೇಕ ಸಲ ಕಾರಣ ಇದೇ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು ಕೆಲಸ ಮಾಡಿ.

ಕೆಲಸ ಮುಗಿದ ಮೇಲೆ ಗಾಡಿಯನ್ನು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಏಕೆಂದರೆ ಹೊಸ ಪ್ಯಾಡ್ ಹಾಕುವಾಗ ಹಿಂದೂಡಿದ ಪಿಸ್ಟನ್ ಮೊದಲ ತುಳಿತಗಳಲ್ಲಿ ಮುಂದೆ ಬರಬೇಕಾಗಿರುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ, ಸರಕಿಲ್ಲದೆ, 40 ಕಿಲೋಮೀಟರ್ ವೇಗದಿಂದ ನಿಧಾನವಾಗಿ ಹತ್ತಾರು ಸಲ ವೇಗ ಇಳಿಸಿ, ನಡುನಡುವೆ ತಣಿಯಲು ಬಿಡಿ. ಹೊಸ ಲೈನಿಂಗ್ ಡ್ರಮ್ಮಿಗೆ, ಡಿಸ್ಕಿಗೆ ಹೊಂದಿಕೊಳ್ಳಲು ಅದು ಬೇಕು. ಆಯಿಲ್ ಡಬ್ಬಿಯ ಮೇಲೆ ಪೆನ್ನಿನಿಂದ ಮಟ್ಟ ಗುರುತು ಹಾಕಿ, ಮರುದಿನ ಬೆಳಿಗ್ಗೆ ಬಿಚ್ಚಿದ ಜೋಡಣೆಗಳನ್ನೆಲ್ಲ ಒಣ ಕಾಗದದಿಂದ ಒರೆಸಿ ನೋಡಿ. ಕಾಗದ ಒದ್ದೆಯಾಗದೆ, ಗುರುತಿನಿಂದ ಆಯಿಲ್ ಇಳಿಯದೆ, ಹಗುರವಾಗಿ ತುಳಿದು ಹಿಡಿದ ಪೆಡಲ್ ಅರ್ಧ ನಿಮಿಷ ಕದಲದೆ ನಿಂತರೆ ಆ ದಿನ ಲೋಡ್ ಹಾಕಬಹುದು.